ಹಿಂದಿನ ರೀಡಿಂಗ್

ಭಾನುವಾರ ವಿಜಯನಗರದ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಒರಗಿದ್ದೆವು. ಆಗ ದೊಡ್ಡಪ್ಪ ಅಕ್ಕನ ಮಗಳನ್ನು ಕೇಳಿದರು. "ಅಲ್ಲ ಪುಟ್ಟಿ, ಇಷ್ಟು ವರ್ಷ ಸಮುದ್ರದಲ್ಲಿ ಮುಳುಗಿ ಹವಳ ಎಣಿಸಿದ್ರಲ್ಲ, ಅದರಿಂದ ಏನು ಬದಲಾಯ್ತು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಏನೂ ಬದಲಾಗಿಲ್ಲ ತಾತ. ಆದ್ರೆ ಮೊದಲು ಎಷ್ಟಿತ್ತು ಅಂತ ಗೊತ್ತು."

ಇವತ್ತು ಗುರುವಾರ. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಆಗ ನನಗೆ ದೊಡ್ಡಪ್ಪನ ಮೇಲೆ ಸಿಟ್ಟು ಬಂತು. ಅವರು ಯಾರನ್ನೂ ಬಿಡುವವರಲ್ಲ. ಸಂಬಳ ಎಷ್ಟು, ಪರ್ಮನೆಂಟಾ, ಎಲ್ಲ ಎಲ್ಲರ ಮುಂದೆಯೇ ಕೇಳುತ್ತಾರೆ. ಅದೇ ವಾರ ಅವಳು ಒಂದು ಕೆಲಸಕ್ಕೆ ಅರ್ಜಿ ತುಂಬುತ್ತಿದ್ದಳು. ಅದರಲ್ಲಿ 'ನಿಮ್ಮ ಸಂಶೋಧನೆಯ ಪರಿಣಾಮ' ಅಂತ ಒಂದು ಕಾಲಂ. ಎಷ್ಟು ಲೇಖನ ಬಂದಿದೆ, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಎಲ್ಲ ಅಂಕಿಯಲ್ಲೇ ಬೇಕು. ಎರಡು ರಾತ್ರಿ ಆ ಕಾಲಂ ಖಾಲಿ ಇಟ್ಟುಕೊಂಡು ಕೂತಿದ್ದಳು ಅಂತ ಅಕ್ಕ ಹೇಳಿದ್ದಳು. ಗಾಯದ ಮೇಲೇ ಕೈಯಿಟ್ಟರಲ್ಲ ಅನ್ನಿಸಿತು ನನಗೆ.

ಅವಳು ಈ ದಾರಿ ಹಿಡಿದದ್ದು ರೋಹನ್ ಆರ್ಥರ್ ಅವರ ಕೆಲಸ ಓದಿ. ಅವರು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಅನ್ನೋ ಸಂಶೋಧನಾ ಸಂಸ್ಥೆಯವರು. 1990ರ ದಶಕದಿಂದಲೂ ಲಕ್ಷದ್ವೀಪದ ಹವಳದ ದಿಬ್ಬಗಳನ್ನು ನೋಡುತ್ತಾ ಬಂದವರು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಿಗೆ ಅವರ ತಂಡ ಮತ್ತೆ ಮತ್ತೆ ಹೋಗಿ ಲೆಕ್ಕ ಹಿಡಿದಿದೆ. 1998ರಲ್ಲಿ ಅಲ್ಲಿ ದಿಬ್ಬದ ಮೇಲ್ಮೈಯಲ್ಲಿ ನೂರಕ್ಕೆ ಸುಮಾರು 37 ಪಾಲು ಜೀವಂತ ಹವಳ ಇತ್ತು. 24 ವರ್ಷದ ನಂತರ ಉಳಿದದ್ದು ಸುಮಾರು 19. ನಡುವೆ 1998, 2010, 2016, ಮೂರು ಸಲ ಸಮುದ್ರದ ನೀರು ವಿಪರೀತ ಬಿಸಿಯಾಗಿತ್ತು.

ಹವಳ ಅಂದರೆ ನಮಗೆ ಉಂಗುರದ ಕೆಂಪು ಹರಳು. ದಿಬ್ಬ ಕಟ್ಟುವ ಹವಳ ಬೇರೆ. ಅದೂ ಸಣ್ಣ ಸಣ್ಣ ಪ್ರಾಣಿಗಳ ಗುಂಪೇ. ಅದರ ಮೈಯೊಳಗೆ ಪಾಚಿ ಇರುತ್ತದೆ. ಬಣ್ಣವೂ ಆ ಪಾಚಿಯದು, ಊಟದಲ್ಲಿ ಹೆಚ್ಚಿನ ಪಾಲೂ ಪಾಚಿ ಮಾಡಿಕೊಟ್ಟದ್ದೇ. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಮೈ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ನೆಲವೇ ಹವಳದ ಪುಡಿ. ಅಲೆಯ ಹೊಡೆತ ತಡೆಯುವುದೂ ಅದೇ ದಿಬ್ಬ. ದಿಬ್ಬ ಬೆಳೆಯುವುದಕ್ಕಿಂತ ಬೇಗ ಸವೆದರೆ ಅಲೆ ಮನೆ ಬಾಗಿಲಿಗೆ ಬರುತ್ತದೆ.

ಹೇಗೆ ಎಣಿಸ್ತೀರಿ ಅಂತ ಮಕ್ಕಳು ಕೇಳಿದವು. ಅವಳು ಒಳಗಿನಿಂದ ತನ್ನ ಅಳತೆ ಟೇಪ್ ತಂದಳು. ಉಪ್ಪು ನೀರಿಗೆ ಅಂಚು ಮಾಸಿತ್ತು, ಕೆಲವು ಅಂಕಿ ಅಳಿಸಿಹೋಗಿದ್ದವು. ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ನೆಲದ ಮೇಲೆ ಎಳೆದಳು. "ಟೇಪ್ ಕೆಳಗೆ ಏನಿದೆಯೋ ಅದನ್ನಷ್ಟೇ ಬರೀಬೇಕು. ಇಲ್ಲಿಂದ ಇಲ್ಲಿವರೆಗೆ ಚಾಪೆ. ಆಮೇಲೆ ಬರೀ ನೆಲ. ಇಲ್ಲಿ ಕುರ್ಚಿ ಕಾಲು. ಮತ್ತೆ ನೆಲ. ಚಾಪೆ ಅಂದ್ರೆ ಜೀವಂತ ಹವಳ ಅಂತಿಟ್ಕೊಳ್ಳಿ." ಆಮೇಲೆ ಬಗ್ಗಿ ಆ ಚಾಪೆಯನ್ನು ಅರ್ಧಕ್ಕೆ ಮಡಚಿದಳು. "ಈಗ ಇಷ್ಟು."

ಯಾರೂ ಮಾತಾಡಲಿಲ್ಲ. ಮಡಚಿದ ಆ ಚಾಪೆ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದೆ. ಈಗಷ್ಟೇ ಹಾಲ್‌ಗೆ ಬಂದವರಿಗೆ ಅದು ಸುಮ್ನೆ ಒಂದು ಚಿಕ್ಕ ಚಾಪೆ, ಅಲ್ವಾ? ಮೊದಲು ಎಷ್ಟು ಅಗಲ ಹಾಸಿತ್ತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹುಟ್ಟಿ ಬೆಳೆದ ಬೀದಿಯಲ್ಲಿ ಹೊಂಗೆ ಮರ ಎಷ್ಟಿದ್ದವು ಅಂತ ಮಂಗಳವಾರ ಅಕ್ಕನನ್ನು ಕೇಳಿದೆ. ಅವಳು ಹನ್ನೆರಡು ಅಂದಳು. ನನ್ನ ನೆನಪಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ. ಯಾರೂ ಬರೆದಿಟ್ಟಿಲ್ಲ. ಈಗ ಮೂರಿವೆ. ಎಷ್ಟು ಕಳೆದುಕೊಂಡೆವು ಅಂತ ಜಗಳ ಆಡುವುದಕ್ಕೂ ನಮ್ಮ ಕೈಯಲ್ಲಿ ಏನೂ ಇಲ್ಲ. ಹೀಗೆ ವರ್ಷಗಟ್ಟಲೆ ಒಂದೇ ಜಾಗಕ್ಕೆ ಹೋಗಿ ಬರೆದಿಟ್ಟವರನ್ನು, ಎಷ್ಟು ಜನ ನಿಮ್ಮನ್ನು ಉಲ್ಲೇಖಿಸಿದರು ಅಂತ ಕೇಳುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಆದರೆ ದೊಡ್ಡಪ್ಪನ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಅವರು ಮೂವತ್ತು ವರ್ಷ ಮನೆಮನೆ ಸುತ್ತಿ ಕರೆಂಟ್ ಮೀಟರ್ ಓದಿದವರು. ಕುರ್ಚಿಯಿಂದ ಎದ್ದು, ಕನ್ನಡಕ ಹಾಕಿಕೊಂಡು, ಟೇಪ್ ಹತ್ತಿರ ಬಂದು ಬಗ್ಗಿ ನೋಡಿದರು.

"ಪ್ರತಿ ಸಲ ಅದೇ ಜಾಗಕ್ಕೇ ಹೋಗ್ತೀರಾ?"

"ಹೂಂ ತಾತ."

"1998ರ ರೀಡಿಂಗ್ ಇದೆಯಾ? ಬರೆದದ್ದು?"

"ಇದೆ ತಾತ."

"ಮತ್ತೇನು? ಆ ಅರ್ಜಿಯಲ್ಲಿ ಅದನ್ನೇ ಬರಿ. ಹಿಂದಿನ ರೀಡಿಂಗ್ ಇಲ್ದೆ ಯಾರಿಗೂ ಬಿಲ್ ಕೊಡೋಕಾಗಲ್ಲ."

ಅವಳು ತಾತನ ಮುಖವನ್ನೇ ನೋಡಿದಳು. ಆಮೇಲೆ ಟೇಪ್ ಸುತ್ತೋಕೆ ಶುರು ಮಾಡಿದಳು. ದೊಡ್ಡಪ್ಪ ಇನ್ನೊಂದು ತುದಿ ಹಿಡಿದುಕೊಂಡು, ಎಲ್ಲೂ ಮಡಿಕೆ ಬೀಳದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಅವಳ ಕಡೆಗೆ ನಡೆದು ಬಂದರು.