ಮೆಂಟರ್ ಮೇಡಂಗೆ ಒಂದು ಹಾಳೆ

ಮುಂಬಯಿ ಪಕ್ಕದ ಠಾಣೆ ಊರಿನ ನಮ್ಮ ಕಾಲೇಜಿನಲ್ಲಿ ಪ್ರತಿ ಅಧ್ಯಾಪಕರಿಗೂ ಒಂದಷ್ಟು ಮಕ್ಕಳನ್ನು ಹಂಚಿ ‘ಮೆಂಟರ್’ ಅಂತ ಹೆಸರಿಟ್ಟಿದ್ದಾರೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗಿನ ಉಪವಿಷಯ), ಓಪನ್ ಇಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸುವ ವಿಷಯ) ಎಂದು ಗೊಂದಲ ಜಾಸ್ತಿ. ಹಾಗಾಗಿ ಮೊದಲ ವರ್ಷ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಿಗೂ ಕಾಲು ಗಂಟೆ ಕೊಡುತ್ತೇವೆ. ಬರುವವರಲ್ಲಿ ಹೆಚ್ಚಿನವರದು ಒಂದೇ ಪ್ರಶ್ನೆ: “ಮೇಡಂ, ಕೌನ್‌ಸಾ ಸ್ಕೋರಿಂಗ್ ಹೈ?” ಅಂದರೆ, ಯಾವುದರಲ್ಲಿ ಸುಲಭವಾಗಿ ಅಂಕ ಸಿಗುತ್ತದೆ? ಮಾರ್ಕ್‌ಶೀಟ್ ಕೇಳಿದರೆ ಮೊಬೈಲಿನಲ್ಲಿ ಹುಡುಕಲು ಶುರು, ಅರ್ಧ ಹೊತ್ತು ಅಲ್ಲಿಗೇ ಖರ್ಚು. ಒಬ್ಬ ಹುಡುಗನ ಪರವಾಗಿ ಅವನಮ್ಮನೇ ಮಾತಾಡಿದರು, ಅವನು ಫ್ಯಾನ್ ನೋಡುತ್ತಾ ಕೂತಿದ್ದ.

ಅವತ್ತು ಊಟದ ನಂತರ ಬಂದವಳು ನವಿ ಮುಂಬಯಿಯ ಘನ್ಸೋಲಿಯ ಬಿಕಾಂ ಹುಡುಗಿ. ಹಿಂದಿಯಲ್ಲಿ ಶುರು ಮಾಡಿದವಳು ಮೇಜಿನ ಮೇಲಿನ ನನ್ನ ಹೆಸರು ಓದಿ, “ಮೇಡಂ, ನೀವು ಕನ್ನಡದೋರೇನ್ರಿ?” ಅಂದಳು. ನನ್ನದು ಕುಂದಾಪುರದ ಕಡೆ, ಅವಳದು ಕಲಬುರಗಿ. ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ.

ಚೀಲದಿಂದ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದಳು. ಎರಡೂ ಸೆಮಿಸ್ಟರಿನ ವಿಷಯ, ಅಂಕ, ಕ್ರೆಡಿಟ್ಟು, ಎಲ್ಲ ಸಾಲಾಗಿ. ಸೆಮಿಸ್ಟರಿಗೆ 22ರಂತೆ ವರ್ಷಕ್ಕೆ 44 ಕೂಡಿಸಿ ಅಡಿಗೆರೆ ಎಳೆದಿದ್ದಳು. ಕೆಳಗೆ ಇನ್ನೊಂದು ವಿಚಾರ: ಸಂಜೆ ನಾಲ್ಕರಿಂದ ಬಿಲ್ಡಿಂಗಿನ ಮಕ್ಕಳಿಗೆ ಟ್ಯೂಷನ್, ಅದನ್ನು ಬಿಡುವ ಹಾಗಿಲ್ಲ. ನನಗೆ ಎಲ್ಲಕ್ಕಿಂತ ಉಪಯೋಗವಾದದ್ದು ಈ ಸಾಲು. ಅಂಕ ಯಾವ ಪೋರ್ಟಲ್ಲಿನಲ್ಲಾದರೂ ಸಿಗುತ್ತದೆ, ಟ್ಯೂಷನ್ ವಿಷಯ ಅವಳೇ ಹೇಳಬೇಕು.

ಮತ್ತೆ ಪ್ರಶ್ನೆಗಳು. “ನಾಕನೇ ವರ್ಷ ಓದಲೇಬೇಕೇನ್ರಿ? ಅಪ್ಪ ಕೇಳಾಕತ್ಯಾರ.” ಬೇಡ ಅಂದೆ. ಮೂರು ವರ್ಷಕ್ಕೆ 132 ಕ್ರೆಡಿಟ್ ಆದರೆ ಪದವಿ ಕೈಗೆ ಬರುತ್ತದೆ. ನಾಲ್ಕನೆಯದು 176ರ ಆನರ್ಸ್, ಅದನ್ನು ಮುಗಿಸಿದವರಿಗೆ ಎಂಕಾಂ ಒಂದೇ ವರ್ಷ. ಆಮೇಲೆ ಸಿಎ ವಿಷಯ: ಅದರ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಈಗಲೇ ಬರೆಯುವುದೋ, ಕಾಯುವುದೋ? ಬಿಕಾಂನಲ್ಲಿ ಶೇಕಡಾ 55 ಬಂದರೆ ಫೌಂಡೇಶನ್ ಇಲ್ಲದೆಯೇ ನೇರ ಎರಡನೇ ಹಂತದ ಇಂಟರ್‌ಮೀಡಿಯೇಟಿಗೆ ಸೇರಬಹುದು ಎಂದಾಗ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು. ಇಂಥ ಪ್ರಶ್ನೆಗೆ ಉತ್ತರ ಹೇಳುವುದೇ ಒಂದು ಖುಷಿ.

ತೊಡಕು ಇದ್ದದ್ದು ಬೇರೆ ಕಡೆ. ಅವಳ ಆಧಾರ್ ಮಾಡಿಸಿದ್ದು ಊರಿನಲ್ಲಿ, ಅದರಲ್ಲಿ ಹೆಸರು, ಪಕ್ಕಕ್ಕೆ ಇನಿಶಿಯಲ್. ಇಲ್ಲಿಯ ಮಾರ್ಕ್‌ಶೀಟಿನಲ್ಲಿ ಮೊದಲು ಅಡ್ಡಹೆಸರು, ಆಮೇಲೆ ತನ್ನದು, ಅಪ್ಪನದು, ಅಮ್ಮನದು. ಎರಡು ಹೆಸರೂ ತಾಳೆಯಾಗದೆ, ಕ್ರೆಡಿಟ್ಟುಗಳು ಜಮೆಯಾಗುವ ಡಿಜಿಲಾಕರಿನ ಕ್ರೆಡಿಟ್ ಬ್ಯಾಂಕ್ ಖಾತೆಯಲ್ಲಿ 44ರ ಸುಳಿವೇ ಇರಲಿಲ್ಲ. ಖಾಲಿ ಪುಟದ ಸ್ಕ್ರೀನ್‌ಶಾಟನ್ನೂ ತಂದಿದ್ದಳು. ಎರಡೂ ದಾಖಲೆಯ ಜೆರಾಕ್ಸ್ ಜೊತೆ ಅರ್ಜಿ ಬರೆಸಿ ಆಫೀಸಿಗೆ ಕಳಿಸಿದೆ.

ಮೈನರ್ ಮಾತ್ರ ಅವತ್ತು ತೀರ್ಮಾನವಾಗಲಿಲ್ಲ. ಅರ್ಥಶಾಸ್ತ್ರವೋ ಸಂಖ್ಯಾಶಾಸ್ತ್ರವೋ ಎಂದು ತೂಗುತ್ತಿದ್ದಳು. ಲೈಬ್ರರಿಯಲ್ಲಿ ಎರಡರ ಹಳೇ ಪ್ರಶ್ನೆಪತ್ರಿಕೆ ನೋಡಿ ಗುರುವಾರ ಬಾ ಅಂದೆ. ಗುರುವಾರ ಬಾಗಿಲಲ್ಲೇ ನಿಂತು, “ಅರ್ಥಶಾಸ್ತ್ರ ತಗೋತೀನ್ರಿ. ಸಂಖ್ಯಾಶಾಸ್ತ್ರ ಚಲೋ ಅದ, ಆದ್ರ ಪ್ರಾಕ್ಟಿಕಲ್ ನಾಕು ಗಂಟೆಕ್ಕ ಇಟ್ಟಾರ” ಅಂದಳು. ಫಾರಂಗೆ ಸಹಿ ಹಾಕಿಕೊಟ್ಟೆ.