ಚಗಳಿ ಇರುವೆಗೊಂದು ಕೊಡೆ

ಚಗಳಿ ಕೊಡೆ ಹಿಡಿದಂತೆ ಕಾಣುವ ತಮಾಷೆಯ ಚಿತ್ರ ಮಾಡಲು, ಮುಂಗಾಲು ಎತ್ತಿ ನಿಂತ ಚಗಳಿಯ ಫೋಟೊ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ತೆರೆದು, ಕೊಡೆಯ ಚಿತ್ರವನ್ನು ಮೇಲಿನ ಲೇಯರ್ (ಪದರ) ಆಗಿ ಇಡಿ. ಎರಡೂ ಚಿತ್ರಗಳಲ್ಲಿ ಬೆಳಕು ಎದುರುಬದುರು ದಿಕ್ಕಿನಿಂದ ಬಿದ್ದಿದ್ದರೆ ಕೊಡೆಯನ್ನು ಎಡಬಲ ಫ್ಲಿಪ್ ಮಾಡಿ. ಕಾಲು ಕೊಡೆಯ ಹಿಡಿಯ ಮುಂದೆ ಬರುವ ಕಡೆ ಕೊಡೆಯ ಲೇಯರ್ ಮಾಸ್ಕ್ (ಚಿತ್ರವನ್ನು ಅಳಿಸದೆ ಮರೆಮಾಡುವ ಸೌಲಭ್ಯ) ಮೇಲೆ ಕಪ್ಪು ಬ್ರಷ್ ಆಡಿಸಿ. ಇರೇಸರ್ ಮುಟ್ಟಬೇಡಿ, ಆಮೇಲೆ ತಿದ್ದಲಾಗದು.

ಹೆಚ್ಚಿನವರು ಎಡವುವುದು ಫೋಕಸ್‌ನಲ್ಲಿ. ಮ್ಯಾಕ್ರೊ (ತೀರಾ ಹತ್ತಿರದಿಂದ ತೆಗೆದ) ಚಿತ್ರದಲ್ಲಿ ಸ್ಪಷ್ಟವಾಗಿರುವುದು ತೀರಾ ತೆಳುವಾದ ಪದರ ಮಾತ್ರ. ಕೊಡೆ ಪೂರ್ತಿ ಸ್ಪಷ್ಟವಾಗಿದ್ದರೆ ಅಂಟಿಸಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಕೊಡೆಯ ಹಿಂದಿನ ಅಂಚನ್ನಷ್ಟೇ ಆಯ್ದು 2–4 ಪಿಕ್ಸೆಲ್ ಗಾಸಿಯನ್ ಬ್ಲರ್ (ಮಸುಕಾಗಿಸುವ ಫಿಲ್ಟರ್) ಕೊಡಿ. ದೊಡ್ಡ ಫೈಲ್‌ಗೆ ಇನ್ನೂ ಜಾಸ್ತಿ ಬೇಕು. ಕೊಡೆಯ ನೆರಳಿನ ಲೇಯರ್‌ಗೆ ಮಲ್ಟಿಪ್ಲೈ ಮೋಡ್ (ಕೆಳಗಿನ ಚಿತ್ರವನ್ನು ಗಾಢವಾಗಿಸುವ ಬಗೆ), 40% ಅಪಾಸಿಟಿ (ಗಾಢತೆ) ಸಾಕು. ಮಾಸ್ಕ್ ಮಾಡುವಾಗ ಇರುವೆಯ ಮೀಸೆ (ಆಂಟೆನಾ) ಕೊಡೆಯ ಹಿಂದೆ ಮಾಯವಾಗದಂತೆ ನೋಡಿಕೊಳ್ಳಿ. ಮೀಸೆಯಿಲ್ಲದ ಚಗಳಿ, ಎಷ್ಟೇ ತಮಾಷೆಯಾದರೂ, ಚಗಳಿಯಲ್ಲ.