ಕೊರ್ಸಿಕಾದ 2ಎ, 2ಬಿ

18 ಜೂನ್ 2024, ಮಂಗಳವಾರ

ಇವತ್ತು ಮಧ್ಯಾಹ್ನ ಪೂರ್ತಿ ಫ್ರಾನ್ಸಿನ ದ್ವೀಪ ಕೊರ್ಸಿಕಾಕ್ಕೇ ಹೋಯಿತು. ಫ್ರಾನ್ಸಿನ ವಿಳಾಸಗಳ ಫೈಲೊಂದನ್ನು ನಮ್ಮ ಸಿಸ್ಟಮ್‌ಗೆ ಏರಿಸುತ್ತಿದ್ದೆವು. ಜಿಲ್ಲೆಯ ನಂಬರ್ ಇರುವ ಕಾಲಂನಲ್ಲಿ ಒಂದಷ್ಟು ಸಾಲುಗಳು ಎರರ್ ಕೊಡುತ್ತಿದ್ದವು. ತೆಗೆದು ನೋಡಿದರೆ 2ಎ, 2ಬಿ. "ಯಾರೋ ಟೈಪ್ ಮಾಡುವಾಗ ಕೈ ಜಾರಿದೆ, ತೆಗೆದುಹಾಕಿಬಿಡೋಣ" ಅಂದ ಪಕ್ಕದ ಹುಡುಗ. ಬೇಡ ಮಾರಾಯ, ಒಂದಿಡೀ ದ್ವೀಪವೇ ಹೋಗಿಬಿಡುತ್ತೆ ಅಂದೆ.

ನಮ್ಮ ಜಿಲ್ಲೆಯಂಥದ್ದಕ್ಕೆ ಅಲ್ಲಿ ದೆಪಾರ್ತಮಾಂ ಅನ್ನುತ್ತಾರೆ. ಒಂದೊಂದಕ್ಕೂ ಒಂದು ನಂಬರ್. ಕೊರ್ಸಿಕಾದ್ದು 20 ಇತ್ತು. 1976ರ ಜನವರಿ 1ಕ್ಕೆ ದ್ವೀಪವನ್ನು ಎರಡು ಜಿಲ್ಲೆ ಮಾಡಿದರು. ದಕ್ಷಿಣದ್ದು 2ಎ, ಕೇಂದ್ರ ಅಜಾಕ್ಸಿಯೊ. ಉತ್ತರದ್ದು 2ಬಿ, ಕೇಂದ್ರ ಬಾಸ್ತಿಯಾ. ಪಿನ್‌ಕೋಡ್ ಮಾತ್ರ ಎರಡೂ ಕಡೆ ಇವತ್ತಿಗೂ 20ರಿಂದಲೇ ಶುರು. ಇನ್ನೂ ಮಜಾ ಅಂದ್ರೆ ಅಲ್ಲಿನ ಸಾಮಾಜಿಕ ಭದ್ರತಾ ನಂಬರ್. ಅದರೊಳಗೆ ಹುಟ್ಟಿದ ಜಿಲ್ಲೆಯ ನಂಬರ್ ಇರುತ್ತೆ, ಕೊನೆಯ ಎರಡು ಅಂಕಿ ಬರುವುದು ಉಳಿದದ್ದನ್ನು 97ರಿಂದ ಭಾಗಿಸಿ. ಅಕ್ಷರವನ್ನು ಭಾಗಿಸೋದು ಹೇಗೆ? ಲೆಕ್ಕದ ಹೊತ್ತಿಗೆ 2ಎ ಇದ್ದಲ್ಲಿ 19, 2ಬಿ ಇದ್ದಲ್ಲಿ 18 ಹಾಕಿಕೊಳ್ಳುತ್ತಾರೆ.

ಮ್ಯಾಪ್ ನೋಡಿದರೆ ಎರಡು ಜಿಲ್ಲೆಗಳ ನಡುವಿನ ಈ ಗೆರೆ ಆಫೀಸಿನಲ್ಲಿ ಕೂತು ಎಳೆದದ್ದು ಅನಿಸೋದಿಲ್ಲ. ದ್ವೀಪದ ಉದ್ದಕ್ಕೂ ಬೆಟ್ಟದ ಸಾಲು. ಅದರ ಅತಿ ಎತ್ತರದ ಶಿಖರ ಮಾಂಟೆ ಚಿಂಟೊ 2,706 ಮೀಟರ್. ಅಲ್ಲಿಂದ ಸಮುದ್ರ ಏನೂ ದೂರವಿಲ್ಲ. ಹಿಂದೆ ಇಟಲಿಯ ಜಿನೋವಾದವರು ಆಳುವಾಗಲೇ "ಬೆಟ್ಟದ ಈಚೆ", "ಬೆಟ್ಟದ ಆಚೆ" ಅಂತ ಎರಡು ಭಾಗ ಇತ್ತು. ನಮ್ಮಲ್ಲಿ ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಅನ್ನಲ್ವಾ, ಹಾಗೆ. ಬಾಸ್ತಿಯಾದಿಂದ ಅಜಾಕ್ಸಿಯೊಗೆ ರೈಲು ಪೂರ್ತಿಯಾಗಿದ್ದು 1894ರಲ್ಲಿ. ಮೀಟರ್ ಗೇಜ್, 158 ಕಿ.ಮೀ. ನಡುವೆ ವಿಝವೋನಾದಲ್ಲಿ ಬೆಟ್ಟ ಕೊರೆದು ಹೆಚ್ಚುಕಡಿಮೆ ನಾಲ್ಕು ಕಿ.ಮೀ. ಸುರಂಗ. ಅದಾಗುವ ತನಕ ಆಚೆಯವರಿಗೆ ಈಚೆಯವರು ದೂರದವರೇ.

ಹಾಗಂತ ಪ್ಯಾರಿಸ್ ಒಂದು ತೀರ್ಮಾನಕ್ಕೆ ಅಂಟಿಕೊಂಡಿತಾ? ಇಲ್ಲ. 1768ರಲ್ಲಿ ಜಿನೋವಾದಿಂದ ದ್ವೀಪ ಕೈಗೆ ಬಂತು. 1790ರಲ್ಲಿ ಒಂದೇ ದೆಪಾರ್ತಮಾಂ. 1793ರಲ್ಲಿ ಎರಡು, ಗೋಲೊ ಮತ್ತು ಲಿಯಾಮೋನೆ ಅಂತ ನದಿಗಳ ಹೆಸರಲ್ಲಿ. 1811ರಲ್ಲಿ ನೆಪೋಲಿಯನ್ ಮತ್ತೆ ಒಂದು ಮಾಡಿ, ತನ್ನ ಹುಟ್ಟೂರು ಅಜಾಕ್ಸಿಯೊವನ್ನೇ ಕೇಂದ್ರ ಮಾಡಿದ. ಬಾಸ್ತಿಯಾದವರು ಎಷ್ಟು ಬೈದುಕೊಂಡರೋ! 1976ರಲ್ಲಿ ಮತ್ತೆ ಎರಡು. 2003ರ ಜುಲೈನಲ್ಲಿ, ಎಲ್ಲಾ ಸೇರಿಸಿ ಒಂದೇ ಆಡಳಿತ ಮಾಡೋಣವಾ ಅಂತ ಜನರನ್ನೇ ಕೇಳಿದರು. ಶೇ. 51ರಷ್ಟು ಮಂದಿ ಬೇಡ ಅಂದರು. ಕೊನೆಗೆ 2018ರ ಜನವರಿ 1ರಿಂದ ಕಾನೂನಿನ ಮೂಲಕವೇ ಒಂದು ಮಾಡಿದರು. ಆ ಸಲ ಜನರನ್ನು ಕೇಳಲಿಲ್ಲ.

ಈಗ ಎರಡು ಜಿಲ್ಲಾ ಮಂಡಳಿಗಳೂ ಇಲ್ಲ. ಅಜಾಕ್ಸಿಯೊದಲ್ಲಿ 63 ಸದಸ್ಯರ ಒಂದೇ ಅಸೆಂಬ್ಲಿ. ಆದರೆ ಸರ್ಕಾರದ ಕಡೆಯ ಅಧಿಕಾರಿ, ಅಂದರೆ ಪ್ರಿಫೆಕ್ಟ್, ಅಜಾಕ್ಸಿಯೊದಲ್ಲೊಬ್ಬ, ಬಾಸ್ತಿಯಾದಲ್ಲೊಬ್ಬ. ಹಾಗಾಗಿ 2ಎ, 2ಬಿ ಎರಡೂ ಉಳಿದಿವೆ. ಕೆಳಗೆ 360 ಕಮ್ಯೂನ್‌ಗಳು, ಅಂದರೆ ಊರ ಮಟ್ಟದ ಆಡಳಿತಗಳು, ಪ್ರತಿಯೊಂದಕ್ಕೂ ಒಬ್ಬ ಮೇಯರ್. ಇಡೀ ದ್ವೀಪದ ಜನಸಂಖ್ಯೆ ಮೂರೂವರೆ ಲಕ್ಷ. ಅದರಲ್ಲಿ ಮೂರನೇ ಒಂದು ಪಾಲು ಆ ಎರಡೇ ಊರಲ್ಲಿ. ಉಳಿದ ಮೇಯರ್‌ಗಳಿಗೆ ಎಷ್ಟು ಜನ ಸಿಗುತ್ತಾರೆ ನೀವೇ ಲೆಕ್ಕ ಹಾಕಿ.

ಆ ನಂಬರ್‌ಗೂ ಈಗ ಗತ್ತು ಬಂದಿದೆ. 2009ರಿಂದ ಫ್ರಾನ್ಸಿನಲ್ಲಿ ಕಾರಿನ ಪ್ಲೇಟ್ ಮೇಲೆ ಯಾವ ಜಿಲ್ಲೆಯ ನಂಬರ್ ಬೇಕಾದರೂ ಹಾಕಿಸಿಕೊಳ್ಳಬಹುದು. ದ್ವೀಪಕ್ಕೆ ಸಂಬಂಧವೇ ಇಲ್ಲದವರೂ ಸುಮ್ನೆ ಶೋಕಿಗೆ 2ಎ, 2ಬಿ ಹಾಕಿಸುತ್ತಾರೆ.

2024ರ ಮಾರ್ಚ್‌ನಲ್ಲಿ ಅಲ್ಲಿನ ಅಸೆಂಬ್ಲಿ ಸ್ವಾಯತ್ತತೆಯ ಕರಡಿಗೆ ಒಪ್ಪಿಗೆ ಕೊಟ್ಟಿತು. ಜಾರಿಯಾಗಬೇಕಾದರೆ ಫ್ರಾನ್ಸಿನ ಸಂವಿಧಾನವನ್ನೇ ತಿದ್ದಬೇಕು, ಪ್ಯಾರಿಸ್‌ನಲ್ಲಿ ಎರಡೂ ಸದನ ಒಪ್ಪಬೇಕು. 2024ರ ಜೂನ್ 9ರಂದು ಅಧ್ಯಕ್ಷ ಮ್ಯಾಕ್ರಾನ್ ಕೆಳಮನೆಯನ್ನೇ ವಿಸರ್ಜಿಸಿದರು. ಆಗಂತೂ ಆ ಫೈಲ್ ಅಲ್ಲಿಗೇ ನಿಂತಿತು.